ಊರಿನ ಇತಿಹಾಸ ವಾರಕ್ಕೊಂದು ಬರಹ: ದುರ್ಗ-ದಾವಣಗೆರೆ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಊರಿನ ಕೋಟೆ, ಕೆರೆ, ವೀರಗಲ್ಲುಗಳ ಬಗ್ಗೆ ವಾರಕ್ಕೊಂದು ಬರಹ ಹಾಕ್ತೀನಿ ಅಂತ ಹೊರಡುವವರು ಬಹಳ ಜನ. ಅವರಲ್ಲಿ ಹೆಚ್ಚಿನವರು ನಿಂತುಬಿಡುವುದು ಎರಡೇ ಕಡೆ. ಒಂದು, ನಾಲ್ಕನೇ ವಾರಕ್ಕೆ ವಿಷಯ ಖಾಲಿ. ಇನ್ನೊಂದು, ಯಾರೋ ಒಬ್ಬರು ‘ಇದಕ್ಕೆ ಆಧಾರ ಏನ್ರೀ?’ ಅಂತ ಕೇಳುತ್ತಾರೆ, ಇವರ ಹತ್ತಿರ ಉತ್ತರ ಇರುವುದಿಲ್ಲ. ಎರಡಕ್ಕೂ ಕಾರಣ ಒಂದೇ. ಮೊದಲು ಬರೆದುಬಿಡುತ್ತಾರೆ, ಆಮೇಲೆ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿ. ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

## ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಮೂರು ಬಣ್ಣದ ಪೆನ್ನು, ಕ್ಯಾಮೆರಾ ಚೆನ್ನಾಗಿರುವ ಫೋನು, ಒಂದು ಟಾರ್ಚು, ಅಳತೆಗೆ ಟೇಪು. ಇಷ್ಟು ಸಾಕು. ದುಬಾರಿ ಕ್ಯಾಮೆರಾ ಬೇಡ. ಟಾರ್ಚು ಮಾತ್ರ ಮರೆಯಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿ, ಬರಹದ ಹಳೇ ಫಾಂಟುಗಳು ಓಡುತ್ತಿವೆ. ಅವುಗಳಲ್ಲಿ ಹೊಡೆದದ್ದನ್ನು ತಂದು ಇಂಟರ್‌ನೆಟ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಹುಡುಕಿದರೂ ಸಿಗುವುದಿಲ್ಲ. ಅಂಗಡಿಯಲ್ಲೇ ಮಾಡಿಸುವುದಾದರೆ ‘ಯೂನಿಕೋಡ್‌ಗೆ ಬದಲಾಯಿಸಿ ಕೊಡಿ’ ಅಂತ ಮೊದಲೇ ಹೇಳಿ. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಕೆಡುವುದು ಅಲ್ಲೇ.

## ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಚಿತ್ರದುರ್ಗ ಕೋಟೆಯ ಇತಿಹಾಸ’ ಒಂದು ಬರಹದ ವಿಷಯ ಅಲ್ಲ. ಅದನ್ನು ಬರೆಯಲು ಕೂತವರು ಎಲ್ಲರೂ ಬರೆದಿರುವ ಹತ್ತು ಸಾಲನ್ನೇ ಬರೆದು ಮುಗಿಸುತ್ತಾರೆ. ‘ಏಳು ಸುತ್ತಿನ ಕೋಟೆ, ಕಲ್ಲಿನ ಕೋಟೆ’ ಅಂತ ಶುರು, ‘ಎಲ್ಲರೂ ಒಮ್ಮೆ ನೋಡಲೇಬೇಕು’ ಅಂತ ಮುಕ್ತಾಯ.

ಅದರ ಬದಲು ಹೀಗೆ ಕೇಳಿಕೊಳ್ಳಿ. ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಪೇಟೆಯಲ್ಲಿರುವ ಸಿಹಿನೀರು ಹೊಂಡ, ಸಂತೆಹೊಂಡ, ಇವುಗಳಲ್ಲಿ ಯಾವುದು ಎಷ್ಟು ಎತ್ತರದಲ್ಲಿದೆ? ಮೇಲಿನದು ತುಂಬಿದರೆ ನೀರು ಯಾವ ದಾರಿ ಹಿಡಿಯುತ್ತದೆ? ಇದಕ್ಕೆ ಉತ್ತರ ಹುಡುಕಲು ನೀವು ನಡೆಯಬೇಕು, ನೋಡಬೇಕು, ಕೇಳಬೇಕು. ಬರೆಯಲು ತಾನಾಗಿ ಸರಕು ಸಿಗುತ್ತದೆ.

ಹರಪನಹಳ್ಳಿ ಎಷ್ಟು ಸಲ ಜಿಲ್ಲೆ ಬದಲಿಸಿತು ಅನ್ನುವುದು ಇನ್ನೊಂದು ಒಳ್ಳೆಯ ಪ್ರಶ್ನೆ. ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಾಗದ ಪತ್ರಕ್ಕಾಗಿ ಜನ ಯಾವ ಕಾಲದಲ್ಲಿ ಯಾವ ಊರಿಗೆ ಬಸ್ಸು ಹತ್ತುತ್ತಿದ್ದರು ಅಂತ ವಿಚಾರಿಸಿದರೆ ಅದೇ ಒಂದು ಬರಹ.

ಪ್ರಶ್ನೆ ಸರಿಯಾದ ಅಳತೆಯಲ್ಲಿದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಒಂದು ಭೇಟಿ, ಒಂದು ಪುಸ್ತಕ, ಇಬ್ಬರ ಜೊತೆ ಮಾತು. ಇಷ್ಟರಲ್ಲಿ ಉತ್ತರ ಸಿಗುವಂತಿದ್ದರೆ ಇಟ್ಟುಕೊಳ್ಳಿ. ‘ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ರೋಮನ್ ನಾಣ್ಯ ಹೇಗೆ ಬಂತು?’ ದೊಡ್ಡದಾಯಿತು, ಹಿಂದೂ ಮಹಾಸಾಗರದ ವ್ಯಾಪಾರವನ್ನೆಲ್ಲ ಓದಬೇಕಾಗುತ್ತದೆ. ‘1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲಿ ಅಗೆಸಿದ್ದು ಎಲ್ಲಿ, ಈಗ ಆ ಜಾಗದಲ್ಲಿ ಏನಿದೆ?’ ಇದು ಆಗುತ್ತದೆ.

ಹೀಗೆ ಹನ್ನೆರಡು ಪ್ರಶ್ನೆ ಬರೆದಿಟ್ಟುಕೊಳ್ಳುವ ತನಕ ಮೊದಲನೆಯದನ್ನೂ ಬರೆಯಬೇಡಿ. ವಿಷಯ ಖಾಲಿಯಾಗುವುದಕ್ಕೆ ಮದ್ದು ಇದೇ. ಬೆಣ್ಣೆ ದೋಸೆ ಮೊದಲು ಹುಯ್ದವರು ಯಾರು ಅನ್ನುವುದನ್ನು ಮಾತ್ರ ಪಟ್ಟಿಯ ಕೊನೆಗೆ ಇಡಿ. ದಾವಣಗೆರೆಯಲ್ಲಿ ಅದಕ್ಕೆ ಒಂದೊಂದು ಹೋಟೆಲ್ ಮುಂದೆ ಒಂದೊಂದು ಉತ್ತರ ಸಿಗುತ್ತದೆ, ಜಗಳ ಉಚಿತ.

## ಹಂತ 2: ಸರಿಯಾದ ಜಿಲ್ಲೆಯ ಪುಸ್ತಕ ತೆಗೆಯಿರಿ

ದಾವಣಗೆರೆಯವರು ಹೆಚ್ಚಾಗಿ ಎಡವುವುದು ಇಲ್ಲಿ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ‘ದಾವಣಗೆರೆ ಜಿಲ್ಲೆ’ ಅಂತ ಹುಡುಕಿದರೆ ಏನೂ ಸಿಗದು. ಆಗ ‘ನಮ್ಮೂರಿನ ಬಗ್ಗೆ ಯಾರೂ ಬರೆದೇ ಇಲ್ಲ’ ಅಂತ ಬರೆದುಬಿಡುತ್ತಾರೆ. ಬರೆದಿದ್ದಾರೆ, ಬೇರೆ ಸಂಪುಟದಲ್ಲಿ.

ಶಾಸನಗಳಿಗೆ, ಹಳೇ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಬೇಕು. ಚಿತ್ರದುರ್ಗ, ದಾವಣಗೆರೆ, ಹರಿಹರ, ಜಗಳೂರು, ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಶಾಸನಗಳು 11ನೇ ಸಂಪುಟದಲ್ಲಿವೆ. ಹರಿಹರದವು ಅದರಲ್ಲಿ ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿ ಬರುತ್ತವೆ. ಚನ್ನಗಿರಿ, ಹೊನ್ನಾಳಿಯವರು 7ನೇ ಸಂಪುಟ, ಅಂದರೆ ಶಿವಮೊಗ್ಗದ್ದನ್ನು ತೆಗೆಯಬೇಕು. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದರಿಂದ ರೈಸ್ ಅವರ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 9ನೇ ಸಂಪುಟ ನೋಡಿ.

ರೈಸ್ ಅವರ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಚಿತ್ರದುರ್ಗ ಅಂತ ಹೊಡೆಯಬೇಡಿ. ಆಗಿನವರು ಇಂಗ್ಲಿಷ್‌ನಲ್ಲಿ ‘ಚಿತಲ್‌ಡ್ರೂಗ್’ (Chitaldroog) ಅಂತ ಬರೆಯುತ್ತಿದ್ದರು, ಆ ಕಾಗುಣಿತದಲ್ಲೇ ಹುಡುಕಿ. ಪುಸ್ತಕದಲ್ಲಿ ಶಾಸನದ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ನಿಮ್ಮ ಊರಿನ ಹೆಸರಿನ ಹಳೇ ರೂಪ ಗೊತ್ತಿಲ್ಲದಿದ್ದರೆ ಪಕ್ಕದ ಊರುಗಳಿಂದ ಶುರು ಮಾಡಿ.

ಸಿಕ್ಕಿದ ತಕ್ಷಣ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ ಬರೆದಿಟ್ಟುಕೊಳ್ಳಿ. ‘ಆಮೇಲೆ ನೋಡಿದರಾಯ್ತು’ ಅಂದದ್ದು ಆಮೇಲೆ ಸಿಗುವುದಿಲ್ಲ. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಅಂತ ನೀವು ಧೈರ್ಯವಾಗಿ ಬರೆಯಬಹುದಾದರೆ ಅದು ಶಾಸನ ಇರುವುದರಿಂದ. ಕೇಳಿದವರಿಗೆ ತೋರಿಸಲು ಸಂಖ್ಯೆ ನಿಮ್ಮ ಹತ್ತಿರ ಇರಬೇಕು.

## ಹಂತ 3: ಜಾಗಕ್ಕೆ ಹೋಗಿ, ಕಲ್ಲನ್ನು ಮುಟ್ಟದೆ ಓದಿ

ಬಿಸಿಲು ನೆತ್ತಿಯ ಮೇಲಿದ್ದಾಗ ತೆಗೆದ ಶಾಸನದ ಫೋಟೊ ಯಾವ ಕೆಲಸಕ್ಕೂ ಬರದು. ಅಕ್ಷರಗಳು ಕಲ್ಲಿನೊಳಗೆ ಕರಗಿಹೋಗಿರುತ್ತವೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಆಗ ಬೆಳಕು ಓರೆಯಾಗಿ ಬೀಳುತ್ತದೆ, ಅಕ್ಷರದ ಅಂಚಿಗೆ ನೆರಳು ಸಿಗುತ್ತದೆ. ಗುಡಿಯ ಒಳಗೆ ಕತ್ತಲಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿದ ಹಾಗೆ ಹಿಡಿದು ಬೆಳಕನ್ನು ಅಡ್ಡಲಾಗಿ ಹಾಯಿಸಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೊ. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ.

ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು, ಅರಿಶಿನದ ನೀರು ಹಾಕುವುದು ಬೇಡವೇ ಬೇಡ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕಾನೂನಿನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾನೂನು ಬಿಡಿ, ಕಲ್ಲಿನ ಮೇಲ್ಪದರ ಹೋದರೆ ನಿಮ್ಮ ನಂತರ ಬರುವವರು ಓದುವುದೇನನ್ನು? ಚಿತ್ರದುರ್ಗ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಅಲ್ಲಿ ಡ್ರೋನ್ ಹಾರಿಸಲು, ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು.

ವೀರಗಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ಓದಿ. ಸಾಮಾನ್ಯವಾಗಿ ಕೆಳಗಿನ ಅಂತಸ್ತಿನಲ್ಲಿ ಕಾದಾಟ, ನಡುವಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ-ಚಂದ್ರ ಇರುತ್ತಾರೆ. ಕೆಳಗೆ ದನಗಳು ಕಂಡರೆ ತುರುಗಳನ್ನು ಕಾಯಲು ಹೋಗಿ ಸತ್ತವನ ಕಲ್ಲು ಇರಬಹುದು. ‘ಇರಬಹುದು’ ಅಂತಲೇ ಬರೆಯಿರಿ. ಕಲ್ಲಿನ ಎತ್ತರ, ಅಗಲ ಟೇಪಿನಲ್ಲಿ ಅಳೆದುಕೊಳ್ಳಿ. ಅದರ ಮುಖ ಯಾವ ದಿಕ್ಕಿಗಿದೆ ಅನ್ನುವುದನ್ನೂ ಬರೆದುಕೊಳ್ಳಿ.

## ಹಂತ 4: ಹಿರಿಯರನ್ನು ಕೇಳುವುದು

ಜಗಲಿ ಮೇಲೆ ಕೂತ ಅಜ್ಜನ ಹತ್ತಿರ ಹೋಗಿ ‘ಈ ಗುಡಿ ಯಾವ ಶತಮಾನದ್ದು?’ ಅಂತ ಕೇಳಬಾರದು. ಅವರಿಗೆ ಗೊತ್ತಿರುವುದನ್ನು ಕೇಳಬೇಕು. ‘ಯಜಮಾನ್ರೆ, ನೀವು ಸಣ್ಣವರಿದ್ದಾಗ ಈ ಕಲ್ಲು ಇಲ್ಲೇ ಇತ್ತಾ? ಯಾರು ತಂದು ನಿಲ್ಲಿಸಿದ್ರು?’ ಇದಕ್ಕೆ ನಿಜವಾದ ಉತ್ತರ ಬರುತ್ತದೆ. ಕೆರೆ ಏರಿ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಅಂತ ಎಷ್ಟೋ ಕಲ್ಲುಗಳು ಜಾಗ ಬಿಟ್ಟಿವೆ. ಕಲ್ಲು ಈಗಿರುವ ಜಾಗವೇ ಅದರ ಮೂಲ ಜಾಗ ಅಂದುಕೊಂಡು ಬರೆದರೆ ಇಡೀ ಬರಹ ದಾರಿ ತಪ್ಪುತ್ತದೆ.

ಇಸವಿ ಕೇಳಬೇಡಿ, ಸುತ್ತಲಿನ ಘಟನೆ ಕೇಳಿ. ‘ನಿಮ್ಮ ಮದುವೆಗೆ ಮುಂಚೆನಾ, ಆಮೇಲಾ?’, ‘ಊರಿಗೆ ಕರೆಂಟ್ ಬಂದಿತ್ತಾ?’ ಹಳೇ ಲೆಕ್ಕದ ಪುಸ್ತಕ ತೋರಿಸಿದರೆ ಅದರಲ್ಲಿ ಬರೀ ಸಂವತ್ಸರದ ಹೆಸರಿರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತದೆ. ‘ವ್ಯಯ’ ಅಂದರೆ 1886-87 ಆಗಬಹುದು, 1946-47 ಆಗಬಹುದು, 2006-07 ಕೂಡ. ಅದೇ ಪುಟದಲ್ಲಿ ಹೆಸರು ಬಂದವರ ವಯಸ್ಸು, ನಾಣ್ಯದ ಲೆಕ್ಕ ನೋಡಿ ಯಾವುದು ಅಂತ ತೀರ್ಮಾನಿಸಿ. ಅಣೆ, ಪೈ ಇದ್ದರೆ 2006 ಅಂತೂ ಅಲ್ಲ.

ರೆಕಾರ್ಡ್ ಮಾಡುವ ಮುಂಚೆ ಕೇಳಿ. ಹೆಸರು ಹಾಕಬಹುದಾ ಅಂತಲೂ ಕೇಳಿ. ಬೇಡ ಅಂದರೆ ‘ಊರಿನ ಹಿರಿಯರೊಬ್ಬರು’ ಅಂತ ಬರೆದರೆ ಸಾಕು.

## ಹಂತ 5: ತಾಳೆ ನೋಡುವುದು

ಅರ್ಧ ದಿನ ಬೇಕಾಗುವ ಹಂತ ಇದು. ಎಲ್ಲರೂ ಬಿಡುವುದೂ ಇದನ್ನೇ.

ನೋಟ್‌ಬುಕ್ ತೆಗೆದು ಪ್ರತಿ ಸಾಲಿಗೂ ಬಣ್ಣ ಹಾಕಿ. ಕಣ್ಣಾರೆ ಕಂಡದ್ದು ನೀಲಿ, ದಾಖಲೆಯಲ್ಲಿ ಓದಿದ್ದು ಕಪ್ಪು, ಬಾಯಿಂದ ಕೇಳಿದ್ದು ಕೆಂಪು. ಮೂರೂ ಬರಹದಲ್ಲಿ ಇರಬಹುದು. ಒಂದರ ವೇಷದಲ್ಲಿ ಇನ್ನೊಂದು ಬರಬಾರದು, ಅಷ್ಟೇ. ಕೆಂಪು ಸಾಲಿಗೆ ‘ಎಂದು ಜನ ಹೇಳುತ್ತಾರೆ’ ಸೇರಿಸಿ. ಪುಟವೆಲ್ಲ ಕೆಂಪಾಗಿದ್ದರೆ ಆ ವಾರ ಅದನ್ನು ಹಾಕಬೇಡಿ, ಬೇರೆ ಪ್ರಶ್ನೆಗೆ ಹೋಗಿ.

ಒನಕೆ ಓಬವ್ವನ ವಿಷಯ ತೆಗೆದುಕೊಳ್ಳಿ. ಕಿಂಡಿ ಇದೆ, ನೀವು ಹೋಗಿ ನೋಡಬಹುದು, ಅದು ನೀಲಿ. ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ, ಅದು ಕಪ್ಪು. ಕಹಳೆ ಊದುವವನ ಹೆಂಡತಿ ನೀರಿಗೆ ಬಂದಾಗ ಶತ್ರುಗಳ ಸದ್ದು ಕೇಳಿ ಒನಕೆ ಹಿಡಿದು ನಿಂತದ್ದು ಜನ ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು. ಬಹಳ ಬರಹಗಳಲ್ಲಿ ಈ ಎರಡನ್ನೂ ಒಂದೇ ದಿನಕ್ಕೆ ಕಟ್ಟಿ, ಓಬವ್ವ ಸತ್ತ ದಿನವೇ ಕೋಟೆ ಬಿತ್ತು ಅನ್ನುವ ಹಾಗೆ ಬರೆದಿರುತ್ತಾರೆ. ಹಾಗೆ ಕಟ್ಟಬೇಡಿ. ಸಿನಿಮಾದಲ್ಲಿ ಕೇಳಿದ ಮಾತನ್ನು ಓಬವ್ವನ ಬಾಯಿಗೂ ಹಾಕಬೇಡಿ. ಜನರ ಮಾತು ಅಂತ ಬಿಡಿಸಿ ಹೇಳಿದರೆ ಓಬವ್ವನ ಗೌರವ ಕಡಿಮೆಯಾಗುವುದಿಲ್ಲ. ಬೈಯುವವರು ಆಗಲೂ ಬೈಯುತ್ತಾರೆ, ಆದರೆ ನಿಮ್ಮ ಸಾಲು ನಿಲ್ಲುತ್ತದೆ.

ಸುದ್ದಿಗೆ ಇತಿಹಾಸ ಜೋಡಿಸುವಾಗ ಇನ್ನೊಂದು ಬಗೆಯ ತಪ್ಪಾಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. ವೇದಾವತಿಗೆ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಆಮೇಲೆ 89 ವರ್ಷ ಕಳೆದು 2022ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಜನವರಿಯಲ್ಲಿ. 2025ರಲ್ಲಿ ನೀರು ಹರಿದಾಗ 2022ರ ವಿಡಿಯೊಗಳೇ ವಾಟ್ಸಾಪ್‌ನಲ್ಲಿ ತಿರುಗಾಡಿದರೆ ಆಶ್ಚರ್ಯವಿಲ್ಲ, ಅಲ್ವಾ? ವಿಡಿಯೊದ ದಿನಾಂಕ ಗೊತ್ತಾಗದೆ ಅದರಿಂದ ಒಂದು ಸಾಲೂ ಬರೆಯಬೇಡಿ.

ದಿನಾಂಕ ಸರಿಯಾದರೂ ಕೆಲಸ ಮುಗಿಯಲಿಲ್ಲ. ‘1933ರಂಥ ಮಳೆ ಮತ್ತೆ ಬಂತು’ ಅಂತ ಬರೆಯುವ ಆಸೆ ಆಗುತ್ತದೆ. ಆದರೆ ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಇದೇ ಜಲಾಶಯಕ್ಕೆ ಬರುತ್ತದೆ. 1933ರಲ್ಲಿ ಅದಿರಲಿಲ್ಲ. ಎರಡು ವರ್ಷಗಳನ್ನು ಬರೀ ಮಳೆಯಿಂದ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ‘ಇಷ್ಟು ವರ್ಷದ ನಂತರ’ ಅನ್ನುವ ಯಾವ ಸುದ್ದಿ ಕಂಡರೂ ನಡುವೆ ಏನು ಬದಲಾಗಿದೆ ಅಂತ ಕೇಳಿ. ಒಳ್ಳೆಯ ಬರಹ ಸಿಗುವುದು ಸಾಮಾನ್ಯವಾಗಿ ಆ ಉತ್ತರದಲ್ಲೇ.

ಶಾಸನದಲ್ಲಿರುವ ಶಕ ವರ್ಷವನ್ನು ಈಗಿನ ಇಸವಿಗೆ ತರಲು 78 ಕೂಡಿಸಿ. ಶಕ 1146 ಅಂದರೆ 1224. ಆದರೆ ಪುಷ್ಯ, ಮಾಘ, ಫಾಲ್ಗುಣದ ತಿಥಿಗಳು ಬಹುಪಾಲು ಜನವರಿ-ಮಾರ್ಚ್‌ನಲ್ಲಿ ಬೀಳುವುದರಿಂದ 79 ಕೂಡಿಸಬೇಕಾಗುತ್ತದೆ. ಜೊತೆಯಲ್ಲಿ ಸಂವತ್ಸರದ ಹೆಸರಿದ್ದರೆ ಅದನ್ನೂ ಹೊಂದಿಸಿ. ಮೊದಲನೆಯ ಸಂವತ್ಸರ ಪ್ರಭವ 1867, 1927, 1987ರಲ್ಲಿ ಬಂದಿದೆ. ಅಲ್ಲಿಂದ ಅರವತ್ತು ಅರವತ್ತು ಕಳೆಯುತ್ತಾ ಹಿಂದಕ್ಕೆ ಹೋಗಿ ಎಣಿಸಿ. 1224ಕ್ಕೆ ತಾರಣ ಬರುತ್ತದೆ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ, ಶಾಸನಗಳಲ್ಲಿ ಕೆಲವೊಮ್ಮೆ ಮುಗಿದ ವರ್ಷಗಳನ್ನಷ್ಟೇ ಎಣಿಸುತ್ತಿದ್ದರು, ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನೂ ಸೇರಿಸುತ್ತಿದ್ದರು. ಹತ್ತು ವರ್ಷದ ವ್ಯತ್ಯಾಸ ಬಂದರೆ ಮಾತ್ರ ಓದಿದ್ದೇ ತಪ್ಪಿರಬಹುದು.

ಕೆಲವು ಮಾತು ಕಂಡರೆ ಅಲ್ಲೇ ನಿಲ್ಲಿ. ‘5000 ವರ್ಷ ಹಳೆಯದು’ ಅನ್ನುವ ದುಂಡನೆಯ ಸಂಖ್ಯೆ. ‘ವಿಜ್ಞಾನಿಗಳೂ ಬೆರಗಾದರು’ ಅಂತ ಹೇಳಿ ಯಾವ ವಿಜ್ಞಾನಿ ಅಂತ ಹೇಳದಿರುವುದು. ಕೋಟೆಯಿಂದ ಇನ್ನೊಂದು ಊರಿಗೆ ಸುರಂಗ ಇದೆ ಅನ್ನುವುದು. ಸುರಂಗ ಇಲ್ಲದ ಕೋಟೆ ನಮ್ಮ ನಾಡಿನಲ್ಲಿ ಒಂದೂ ಇಲ್ಲ, ಕೇಳಿದರೆ ನೋಡಿದವರೂ ಒಬ್ಬರಿಲ್ಲ.

## ಹಂತ 6: ಈಗ ಬರೆಯಿರಿ

ವಾರವನ್ನು ಹಂಚಿಕೊಳ್ಳಿ. ಭಾನುವಾರ ಬೆಳಿಗ್ಗೆ ಭೇಟಿ. ಅವತ್ತೇ ರಾತ್ರಿ ನೋಟ್ಸ್ ಬಿಡಿಸಿ ಬರೆಯುವುದು, ನಾಳೆಗೆ ಬಿಟ್ಟರೆ ಅರ್ಧ ಮರೆತಿರುತ್ತದೆ. ವಾರದ ನಡುವೆ ಎರಡು ಸಂಜೆ ತಾಳೆ ನೋಡಲು. ಗುರುವಾರ ಕೂತು ಒಂದೇ ಸಲಕ್ಕೆ ಬರೆಯಿರಿ. ಶುಕ್ರವಾರ ಜೋರಾಗಿ ಓದಿ ತಿದ್ದಿ. ಮೂರು ಬರಹ ಕೈಯಲ್ಲಿ ಸಿದ್ಧವಾಗುವ ತನಕ ಮೊದಲನೆಯದನ್ನು ಹೊರಗೆ ಬಿಡಬೇಡಿ. ಮನೆಯಲ್ಲಿ ಮದುವೆ, ಹಬ್ಬ, ಜ್ವರ ಬರುತ್ತಲೇ ಇರುತ್ತವೆ. ಆ ವಾರ ದಾಸ್ತಾನಿನಿಂದ ತೆಗೆದು ಹಾಕಬಹುದು.

ಮೊದಲ ಸಾಲಿನಲ್ಲಿ ಹೊಗಳಿಕೆ ಬೇಡ, ವಸ್ತು ಇರಲಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ರೈಸ್ 1892ರಲ್ಲಿ ಕಂಡುಹಿಡಿದರು. ಅದರ ಬಗ್ಗೆ ಬರೆಯುವಾಗ ‘ಭವ್ಯ ಪರಂಪರೆಯ ನಾಡು’ ಅಂತ ಯಾಕೆ ಶುರು ಮಾಡಬೇಕು? ಶಾಸನದಲ್ಲೇ ಬೇಕಾದದ್ದು ಇದೆ. ಸುವರ್ಣಗಿರಿ ಅನ್ನುವ ಊರಿನಿಂದ ಬಂದ ಆ ಆಜ್ಞೆ ಇಸಿಲ ಅನ್ನುವ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಕೊನೆಯಲ್ಲಿ ಚಪಡ ಅನ್ನುವ ಲಿಪಿಕಾರನ ಹೆಸರಿದೆ. ಇಡೀ ಶಾಸನ ಎಡದಿಂದ ಬಲಕ್ಕೆ ಬರೆಯುವ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರ’ ಅನ್ನುವ ಮಾತೊಂದು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿದೆ. ಅದು ವಾಯವ್ಯ ಭಾರತದ ಲಿಪಿ. ಇಷ್ಟನ್ನು ಮೊದಲ ಪ್ಯಾರಾದಲ್ಲಿ ಇಟ್ಟರೆ ಓದುವವರು ಎದ್ದು ಹೋಗುವುದಿಲ್ಲ. ಚಪಡ ಅಲ್ಲಿಂದಲೇ ಬಂದವನಾ ಅನ್ನುವುದು ಊಹೆ, ಊಹೆ ಅಂತಲೇ ಬರೆಯಿರಿ.

500 ರಿಂದ 600 ಪದ ಸಾಕು. ತಲೆಬರಹ ಎಲ್ಲಕ್ಕಿಂತ ಕೊನೆಗೆ. ಮೊದಲೇ ತಲೆಬರಹ ಇಟ್ಟುಕೊಂಡರೆ ಸಿಕ್ಕ ಸಂಗತಿಗಳನ್ನು ಅದಕ್ಕೆ ಬಗ್ಗಿಸಲು ಹೋಗುತ್ತೀರಿ.

## ಹಂತ 7: ಹಾಕುವ ಮುಂಚೆ ಎರಡು ತಡೆ

ಮೊದಲನೆಯದು ಹಕ್ಕು. ನಮ್ಮ ದೇಶದಲ್ಲಿ ಬರಹದ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಫೋಟೊಗೆ ಪ್ರಕಟವಾದ ಮೇಲೆ 60 ವರ್ಷ. ರೈಸ್ ತೀರಿಕೊಂಡದ್ದು 1927ರಲ್ಲಿ, ಅವರ ಸಂಪುಟದಿಂದ ತೆಗೆದುಕೊಳ್ಳಬಹುದು. ಗೂಗಲ್‌ನಲ್ಲಿ ಸಿಕ್ಕ ಚಂದದ ಫೋಟೊ ತೆಗೆದುಕೊಳ್ಳುವ ಹಾಗಿಲ್ಲ. ನೀವು ತೆಗೆದದ್ದು ಮಸುಕಾಗಿದ್ದರೂ ಅದನ್ನೇ ಹಾಕಿ.

ಎರಡನೆಯದು ನಿಧಿ. ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಊರಿನಾಚೆ ಒಂಟಿಯಾಗಿ ನಿಂತ ಗುಡಿ, ಬಸವಣ್ಣನ ಕಲ್ಲು, ವೀರಗಲ್ಲಿನ ಬುಡ ಅಗೆದು ಹಾಳು ಮಾಡುವವರಿದ್ದಾರೆ. ಕಾವಲಿಲ್ಲದ ಜಾಗದ ಮ್ಯಾಪ್ ಲಿಂಕ್ ಹಾಕಬೇಡಿ. ಫೋನಿನ ಫೋಟೊದೊಳಗೆ ಜಾಗದ ಗುರುತು ಸೇರಿಕೊಂಡಿರುತ್ತದೆ, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಯೇ ಫೋಟೊ ತೆಗೆಯಿರಿ. ಊರಿನವರು ಹೇಳಿದ ನಿಧಿಯ ಕಥೆ ಎಷ್ಟೇ ಸೊಗಸಾಗಿದ್ದರೂ ಆ ಗುಡಿಯ ಹೆಸರಿನ ಜೊತೆ ಬರೆಯಬೇಡಿ.

## ಹಂತ 8: ದುಡ್ಡಿನ ಮಾತು

ಜಾಸ್ತಿ ಆಸೆ ಇಟ್ಟುಕೊಂಡು ಬರಬೇಡಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1000 ಚಂದಾದಾರರು, ಅದರ ಜೊತೆ ಹಿಂದಿನ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು. ಜಾಹೀರಾತಿನ ಹಣ ಜಮೆಯಾಗುವ ಗೂಗಲ್ ಆಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಕಳಿಸುತ್ತಾರೆ. ಹಣ ಬಿಡುಗಡೆಯಾಗುವುದು 100 ಡಾಲರ್ ದಾಟಿದ ಮೇಲೆ. ವಿಳಾಸದಲ್ಲಿ ಬಡಾವಣೆ, ಅಡ್ಡರಸ್ತೆ, ಪಿನ್‌ಕೋಡ್ ಸರಿಯಾಗಿ ಬರೆಯಿರಿ. ಹಳ್ಳಿಯಾದರೆ ಅಂಚೆ ಕಚೇರಿಯ ಹೆಸರನ್ನೂ ಸೇರಿಸಿ, ಪೋಸ್ಟ್‌ಮ್ಯಾನ್‌ಗೂ ಒಂದು ಮಾತು ಹೇಳಿಡಿ. ಬ್ಯಾಂಕಿನಲ್ಲಿ ಸ್ವಿಫ್ಟ್ ಕೋಡ್, ಅಂದರೆ ಹೊರದೇಶದಿಂದ ಹಣ ಬರಲು ಬೇಕಾದ ಬ್ಯಾಂಕಿನ ಗುರುತು, ಕೇಳಿ ಪಡೆಯಬೇಕಾಗುತ್ತದೆ. ಸಣ್ಣ ಶಾಖೆಗಳಿಗೆ ಸ್ವಂತದ್ದು ಇರದಿದ್ದರೆ ಅದೇ ಬ್ಯಾಂಕಿನ ಯಾವ ಶಾಖೆಯ ಕೋಡ್ ಬಳಸಬೇಕು ಅಂತ ಮ್ಯಾನೇಜರ್ ಹತ್ತಿರ ಬರೆಸಿಕೊಳ್ಳಿ.

ಯಾರಾದರೂ ಫೋನ್ ಮಾಡಿ ‘ನಿಮ್ಮ ಪುಟಕ್ಕೆ ತಿಂಗಳಿಗೆ ಇಷ್ಟು ಸಾವಿರ ಗ್ಯಾರಂಟಿ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಅಂದರೆ ಇಟ್ಟುಬಿಡಿ. ಆಡ್‌ಸೆನ್ಸ್ ಸೇರಲು ಶುಲ್ಕ ಇಲ್ಲ.

## ಹಂತ 9: ತಪ್ಪು ತೋರಿಸಿದಾಗ

ತೋರಿಸುತ್ತಾರೆ. ಅದರಲ್ಲೂ ಊರಿನವರು, ಮೊದಲ ದಿನವೇ. ಜಾತಿ, ಮನೆತನ, ದೇವರ ವಿಷಯದಲ್ಲಿ ಸಿಟ್ಟಾದವರ ಜೊತೆ ಬರಹದ ಕೆಳಗೆ ವಾದಕ್ಕೆ ಇಳಿಯಬೇಡಿ. ‘ನಿಮ್ಮ ಹತ್ತಿರ ಕಾಗದ, ತಾಮ್ರಪಟ, ಹಳೇ ಫೋಟೊ ಏನಾದರೂ ಇದೆಯಾ? ಬಂದು ನೋಡ್ತೀನಿ’ ಅಂತ ಕೇಳಿ. ಅರ್ಧ ಜನ ಅಲ್ಲಿಗೆ ಸುಮ್ನಾಗುತ್ತಾರೆ. ಉಳಿದವರ ಮನೆಯಲ್ಲಿ ಕೆಲವೊಮ್ಮೆ ಮುಂದಿನ ಬರಹ ಸಿಗುತ್ತದೆ.

ತಪ್ಪು ನಿಜವಾಗಿದ್ದರೆ ಹಳೇ ಸಾಲನ್ನು ಗುಟ್ಟಾಗಿ ಅಳಿಸಬೇಡಿ. ಬರಹದ ತುದಿಯಲ್ಲಿ ದಿನಾಂಕ ಹಾಕಿ, ಮೊದಲು ಏನಿತ್ತು, ಈಗ ಏನು, ಯಾವ ದಾಖಲೆಯಿಂದ ಗೊತ್ತಾಯಿತು ಅಂತ ಎರಡು ಸಾಲು ಬರೆಯಿರಿ. ಅಷ್ಟರಲ್ಲಿ ನಿಮ್ಮ ಬರಹ ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಹೋಗಿರುತ್ತದೆ. ನೀವು ಯಾವ ಗುಂಪಿಗೆ ಮೊದಲು ಕಳಿಸಿದ್ದಿರೋ ಅಲ್ಲಿಗೆ ತಿದ್ದುಪಡಿಯನ್ನೂ ಕಳಿಸಿ. ನೋಟ್‌ಬುಕ್‌ನಲ್ಲಿ ಆ ಸಾಲಿನ ಬಣ್ಣ ಬದಲಾಯಿಸಿ.